ಕಡಿಮೆ ದುಡ್ಡಿಗೆ ಒಳ್ಳೆ ಫ್ಲ್ಯಾಶ್: ಬೆಂಗಳೂರಿನಲ್ಲಿ ಕೊಳ್ಳುವ ಮುಂಚೆ ಏನೇನು ನೋಡಬೇಕು

ಕ್ಯಾಮೆರಾ ಮೇಲೆ ಹಾಕುವ ಫ್ಲ್ಯಾಶ್ ಬೇಕು, ಬಜೆಟ್ ಐದಾರು ಸಾವಿರ, ತುಂಬಾ ಎಳೆದರೆ ಹತ್ತು. ಯಾವುದು ತಗೊಳ್ಳಲಿ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಮಾಡೆಲ್ ಹೆಸರು. ಆ ಹೆಸರು ತಪ್ಪೇನಲ್ಲ. ಆದರೆ ಅದು ಹೇಳಿದವರ ಕ್ಯಾಮೆರಾಗೆ, ಅವರ ಕೆಲಸಕ್ಕೆ ಸರಿ. ನಿಮ್ಮ ಕ್ಯಾಮೆರಾ ಮೇಲೆ ಅದೇ ಫ್ಲ್ಯಾಶ್ ಮಿಂಚದೇ ಕೂರಬಹುದು. ಸುಮ್ನೆ ಹೆದರಿಸುತ್ತಿಲ್ಲ, ತುಂಬಾ ಜನರ ಕೈಯಲ್ಲಿರುವ ಮೂರು ಕ್ಯಾನನ್ ಕ್ಯಾಮೆರಾಗಳಲ್ಲಿ ನಿಜಕ್ಕೂ ಹೀಗೇ ಆಗುತ್ತದೆ.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಮೊದಲು ಕ್ಯಾಮೆರಾದ ಶೂ ನೋಡಿ, ಆಮೇಲೆ ಫ್ಲ್ಯಾಶಿನ ತಲೆ ತಿರುಗುತ್ತದಾ ನೋಡಿ, ಆಮೇಲೆ ಬ್ಯಾಟರಿಗೆ ದುಡ್ಡು ಎತ್ತಿಡಿ. ಎಷ್ಟು ಪವರ್ ಅನ್ನೋದು ಕೊನೆಗೆ. ಅಂಗಡಿಯಲ್ಲಿ ಮಾತು ಶುರುವಾಗುವುದು ಸರಿಯಾಗಿ ಇದರ ಉಲ್ಟಾ ದಿಕ್ಕಿನಿಂದ.

1. ನಿಮಗೆ ಫ್ಲ್ಯಾಶ್ ಬೇಕಾ?

ಮನೆಯ ನಾಮಕರಣ, ಗೃಹಪ್ರವೇಶ, ಮಕ್ಕಳ ಹುಟ್ಟುಹಬ್ಬ, ದಸರಾ ಗೊಂಬೆ, ಚೌಲ್ಟ್ರಿಯಲ್ಲಿ ನೆಂಟರ ಮದುವೆ, ಆನ್‌ಲೈನ್‌ನಲ್ಲಿ ಮಾರೋಕೆ ಸೀರೆ ಅಥವಾ ಒಡವೆ ಫೋಟೋ. ಇವುಗಳಲ್ಲಿ ಯಾವುದಾದರೂ ಇದ್ದರೆ ಹೌದು, ಬೇಕು. ನಂದಿ ಬೆಟ್ಟದ ಸೂರ್ಯೋದಯಕ್ಕೆ ಬೇಡ. ಕರಗದ ರಾತ್ರಿಗೂ ಬೇಡ. ಜನರ ನಡುವೆ ನಿಂತು ಇಪ್ಪತ್ತು ಮೀಟರ್ ಆಚೆಗೆ ಫ್ಲ್ಯಾಶ್ ಹೊಡೆದರೆ ನಿಮ್ಮ ಮುಂದೆ ನಿಂತವರ ತಲೆ ಮಾತ್ರ ಬೆಳ್ಳಗೆ ಬರುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೆ. ಅಂಥ ಕಡೆ ದುಡ್ಡು ಹಾಕಬೇಕಾದ್ದು ಹೆಚ್ಚು ಬೆಳಕು ಒಳಬಿಡುವ ಎಫ್/1.8 ಲೆನ್ಸಿಗೆ.

2. ಕ್ಯಾಮೆರಾದ ಶೂ ಹತ್ತಿರದಿಂದ ನೋಡಿ

ಕ್ಯಾಮೆರಾದ ತಲೆ ಮೇಲೆ ಫ್ಲ್ಯಾಶ್ ಕೂರಿಸುವ ಲೋಹದ ಜಾಗಕ್ಕೆ ಹಾಟ್ ಶೂ ಅನ್ನುತ್ತಾರೆ. ಪ್ಲಾಸ್ಟಿಕ್ ಮುಚ್ಚಳ ಇದ್ದರೆ ತೆಗೆದು ಬೆಳಕಿಗೆ ಹಿಡಿಯಿರಿ. ಎರಡು ಕಡೆ ಲೋಹದ ಅಂಚು, ನಡುವೆ ಒಂದು ದೊಡ್ಡ ದುಂಡು ಚುಕ್ಕೆ, ಅದರ ಆಸುಪಾಸು ನಾಲ್ಕೈದು ಪುಟ್ಟ ಚುಕ್ಕೆಗಳು ಕಾಣುತ್ತವೆ. ನಡುವಿನ ದೊಡ್ಡ ಚುಕ್ಕೆಯ ಕೆಲಸ ಒಂದೇ, "ಈಗ ಹೊಡಿ" ಅಂತ ಫ್ಲ್ಯಾಶಿಗೆ ಹೇಳುವುದು. ಪುಟ್ಟ ಚುಕ್ಕೆಗಳು ಉಳಿದ ಮಾತುಕತೆಗೆ, ಅಂದರೆ ಎಷ್ಟು ಬೆಳಕು, ಲೆನ್ಸ್ ಎಷ್ಟು ಜೂಮ್ ಆಗಿದೆ, ಇಂಥವಕ್ಕೆ. ಅಗ್ಗದ ಮ್ಯಾನ್ಯುಯಲ್ (ಎಷ್ಟು ಬೆಳಕು ಅಂತ ನಾವೇ ಇಡಬೇಕಾದ) ಫ್ಲ್ಯಾಶುಗಳ ಕಾಲಿನಲ್ಲಿ ಒಂದೇ ಪಿನ್ ಇರುತ್ತದೆ. ಅದು ಆ ದೊಡ್ಡ ಚುಕ್ಕೆಗೆ ತಾಗಬೇಕು.

ಈಗ ಕ್ಯಾನನ್ 1500ಡಿ, 3000ಡಿ ಅಥವಾ 200ಡಿ ಮಾರ್ಕ್ 2 ಇರುವವರು ನೋಡಿ. ನಡುವಿನ ಚುಕ್ಕೆ ಇಲ್ಲ, ಅಲ್ವಾ? ಕ್ಯಾನನ್‌ನವರು ಈ ಮಾಡೆಲುಗಳಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಎಲ್ಲರೂ ಶಿಫಾರಸು ಮಾಡುವ ಒಂದೇ ಪಿನ್ನಿನ ಫ್ಲ್ಯಾಶುಗಳಾದ ಗೋಡಾಕ್ಸ್ ಟಿಟಿ600 ಅಥವಾ ಯೊಂಗ್ನುವೊ 560 ತಂದು ಇವುಗಳ ಮೇಲೆ ಕೂರಿಸಿದರೆ ಏನೂ ಆಗುವುದಿಲ್ಲ. ಫ್ಲ್ಯಾಶ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಹೋಗಿ ಜಗಳ ಆಡಿ ಪ್ರಯೋಜನವಿಲ್ಲ, ಬೇರೆ ಕ್ಯಾಮೆರಾ ಮೇಲೆ ಅದು ಚೆನ್ನಾಗಿಯೇ ಹೊಡೆಯುತ್ತದೆ.

ಇವರಿಗೆ ದಾರಿ ಎರಡು. ಕ್ಯಾನನ್ ಭಾಷೆ ಗೊತ್ತಿರುವ ಟಿಟಿಎಲ್ ಫ್ಲ್ಯಾಶ್, ಅಂದರೆ ಕ್ಯಾಮೆರಾ ಹೇಳಿದಷ್ಟು ಬೆಳಕು ತಾನಾಗಿ ಬಿಡುವಂಥದ್ದು, ಕೊಳ್ಳುವುದು ಒಂದು. ಮ್ಯಾನ್ಯುಯಲ್ ಫ್ಲ್ಯಾಶನ್ನೇ ಕೊಂಡು ಮೇಜಿನ ಮೇಲೆ ಇಟ್ಟು, ಕ್ಯಾಮೆರಾದ ಪುಟ್ಟ ಪಾಪ್-ಅಪ್ ಫ್ಲ್ಯಾಶ್ ನೋಡಿ ಅದು ಹೊಡೆಯುವಂತೆ ಮಾಡುವುದು ಇನ್ನೊಂದು. ಇದಕ್ಕೆ ಫ್ಲ್ಯಾಶಿನಲ್ಲಿ ಎಸ್2 ಅನ್ನುವ ಸ್ಲೇವ್ ಮೋಡ್ ಇರಬೇಕು. ಪಾಪ್-ಅಪ್ ಫ್ಲ್ಯಾಶ್ ಅಳತೆಗೆ ಅಂತ ಮೊದಲೊಂದು ಸಣ್ಣ ಮಿಂಚು ಬಿಡುತ್ತದೆ. ಎಸ್1 ಅದಕ್ಕೇ ಹೊಡೆದುಬಿಡುತ್ತದೆ. ಎಸ್2 ಅದನ್ನು ಬಿಟ್ಟು ಎರಡನೆಯದಕ್ಕೆ ಹೊಡೆಯುತ್ತದೆ. ಮನೆಯೊಳಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಬಿಸಿಲಿನಲ್ಲಿ ನಂಬೋಕಾಗಲ್ಲ.

ಸೋನಿಯವರ ಕಥೆ ಬೇರೆ. ಅವರ ಈಗಿನ ಶೂ ಒಳಗೆ ಮುಂಭಾಗದಲ್ಲಿ ಸಣ್ಣ ಸಣ್ಣ ಪಿನ್ನುಗಳ ಸಾಲು ಇದೆ, ಟಿಟಿಎಲ್ ಕೆಲಸ ಮಾಡಬೇಕಾದರೆ ಅದಕ್ಕೆ ಹೊಂದುವ ಕಾಲು ಇರುವ ಫ್ಲ್ಯಾಶೇ ಬೇಕು. ಹಾಕುವಾಗ ನೇರವಾಗಿ, ಮೆಲ್ಲಗೆ ತಳ್ಳಿ, ಆ ಪಿನ್ನುಗಳು ನಾಜೂಕು.

ಡಬ್ಬದ ಮೇಲಿನ ಅಕ್ಷರ ನೋಡೋದು ಮರೆಯಬೇಡಿ. ಗೋಡಾಕ್ಸ್ ಟಿಟಿಎಲ್ ಫ್ಲ್ಯಾಶುಗಳ ಹೆಸರಿನ ಕೊನೆಯಲ್ಲಿ ಸಿ ಇದ್ದರೆ ಕ್ಯಾನನ್, ಎನ್ ಇದ್ದರೆ ನಿಕಾನ್, ಎಸ್ ಇದ್ದರೆ ಸೋನಿ, ಎಫ್ ಫ್ಯೂಜಿ, ಒ ಒಲಿಂಪಸ್ ಮತ್ತು ಪ್ಯಾನಾಸೋನಿಕ್. ಟಿಟಿ600 ಮ್ಯಾನ್ಯುಯಲ್ ಆದ್ದರಿಂದ ಸೋನಿ ಬಿಟ್ಟು ಉಳಿದವಕ್ಕೆ ಒಂದೇ, ಸೋನಿಗೆ ಮಾತ್ರ ಟಿಟಿ600ಎಸ್. ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವಾಗ ಈ ಒಂದಕ್ಷರ ತಪ್ಪಾಗಿ ವಾಪಸ್ ಕಳಿಸುವವರು ಬಹಳ.

ಹಾಗೇ ಒಂದು ಎಚ್ಚರಿಕೆ. ಅಪ್ಪನ ಬೀರುವಿನಲ್ಲಿ ಫಿಲಂ ಕಾಲದ ಫ್ಲ್ಯಾಶ್ ಸಿಕ್ಕಿತು ಅಂತ, ಅಥವಾ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ ಇನ್ನೂರು ರೂಪಾಯಿಗೆ ಬಂತು ಅಂತ ನೇರ ಡಿಜಿಟಲ್ ಕ್ಯಾಮೆರಾಗೆ ಹಾಕಬೇಡಿ. ವಿವಿಟಾರ್ 283ರಂಥ ಹಳೆಯವುಗಳ ಮೊದಮೊದಲ ತಯಾರಿಕೆಯಲ್ಲಿ ಕಾಲಿನ ಪಿನ್ನಿನಲ್ಲಿ 200 ವೋಲ್ಟಿಗಿಂತ ಜಾಸ್ತಿ ಇರುತ್ತದೆ. ಅಷ್ಟು ವೋಲ್ಟೇಜನ್ನು ಎಲ್ಲಾ ಕ್ಯಾಮೆರಾ ತಡೆದುಕೊಳ್ಳುವುದಿಲ್ಲ. ಮಲ್ಟಿಮೀಟರ್ ಇದ್ದರೆ ಫ್ಲ್ಯಾಶ್ ಆನ್ ಮಾಡಿ, ರೆಡಿ ದೀಪ ಹತ್ತಿದ ಮೇಲೆ ನಡುವಿನ ಪಿನ್ನು ಮತ್ತು ಪಕ್ಕದ ಲೋಹದ ನಡುವೆ ಅಳೆದು ನೋಡಿ. 6 ವೋಲ್ಟ್ ಒಳಗಿದ್ದರೆ ಭಯ ಇಲ್ಲ. ಮತ್ತೆ, ಯಾವ ಫ್ಲ್ಯಾಶನ್ನೂ ಸ್ಕ್ರೂ ಬಿಚ್ಚಿ ನೋಡೋಕೆ ಹೋಗಬೇಡಿ. ಒಳಗಿನ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ, ಸೆಲ್ ತೆಗೆದ ಮೇಲೂ.

3. ಟಿಟಿಎಲ್ಲಾ, ಮ್ಯಾನ್ಯುಯಲ್ಲಾ?

ಬೆಲೆ ಹೆಚ್ಚುಕಮ್ಮಿ ಎರಡರಷ್ಟಾಗುವುದು ಇಲ್ಲೇ. ಮ್ಯಾನ್ಯುಯಲ್ ಫ್ಲ್ಯಾಶ್ ಐದಾರು ಸಾವಿರದ ಆಸುಪಾಸಿಗೆ ಸಿಕ್ಕರೆ, ಅಷ್ಟೇ ಗಾತ್ರದ ಟಿಟಿಎಲ್‌ಗೆ ಹತ್ತು ಸಾವಿರದ ಹತ್ತಿರ ಹೋಗಬೇಕು.

ಟಿಟಿಎಲ್ ಅಂದರೆ ಕ್ಯಾಮೆರಾನೇ ಒಂದು ಸಣ್ಣ ಮಿಂಚು ಹೊಡೆಸಿ, ವಾಪಸ್ ಬಂದ ಬೆಳಕನ್ನು ಲೆನ್ಸ್ ಮೂಲಕ ಅಳೆದು, ಎಷ್ಟು ಬೇಕೋ ಅಷ್ಟು ಹೊಡೆಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಮ್ಯಾನ್ಯುಯಲ್‌ನಲ್ಲಿ ನೀವೇ ಪೂರ್ತಿ, ಅರ್ಧ, ಕಾಲು ಅಂತ 1/128ರವರೆಗೆ ಇಳಿಸಬೇಕು.

ಮುಹೂರ್ತದ ಹೊತ್ತಿಗೆ ಒಂದು ಗಳಿಗೆ ಮದುಮಗಳ ಪಕ್ಕ, ಮರುಗಳಿಗೆ ಅಕ್ಷತೆ ಹಾಕುವವರ ಹಿಂದೆ ಓಡುವವರಿಗೆ ಟಿಟಿಎಲ್ ಬೇಕು. ಅಲ್ಲಿ ಗುಂಡಿ ಒತ್ತಿಕೊಂಡು ಕೂತರೆ ಮಾಂಗಲ್ಯಧಾರಣೆ ಮುಗಿದೇ ಹೋಗಿರುತ್ತದೆ. ಮೇಜಿನ ಮೇಲೆ ಸಾಮಾನು ಇಟ್ಟು ಫೋಟೋ ತೆಗೆಯುವವರು, ಮನೆಯಲ್ಲಿ ಒಬ್ಬರನ್ನು ಕೂರಿಸಿ ಪೋರ್ಟ್ರೇಟ್ ತೆಗೆಯುವವರು, ಕಲಿಯೋಕೆ ಶುರು ಮಾಡಿದವರು ಕಣ್ಣು ಮುಚ್ಚಿಕೊಂಡು ಮ್ಯಾನ್ಯುಯಲ್ ತಗೊಳ್ಳಿ. ಉಳಿದ ದುಡ್ಡಿಗೆ ಬ್ಯಾಟರಿ, ಟ್ರಿಗರ್ (ದೂರ ಇಟ್ಟ ಫ್ಲ್ಯಾಶಿಗೆ ಕ್ಯಾಮೆರಾದಿಂದ ಸಂಕೇತ ಕಳಿಸುವ ಡಬ್ಬಿ), ಸ್ಟ್ಯಾಂಡ್ ಬರುತ್ತವೆ.

ಟಿಟಿಎಲ್ ಇದ್ದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ಇಲ್ಲ. ಬಿಳಿ ಪಂಚೆ, ಬಿಳಿ ಶರ್ಟು ಹಾಕಿದ ನಾಲ್ಕು ಜನ ಹಿರಿಯರನ್ನು ಸಾಲಾಗಿ ನಿಲ್ಲಿಸಿ ಹೊಡೆಯಿರಿ, ಕ್ಯಾಮೆರಾ ಅಷ್ಟೊಂದು ಬಿಳಿ ನೋಡಿ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಕಡಿಮೆ ಮಾಡುತ್ತದೆ, ಪಂಚೆ ಮಾಸಿದ ಹಾಗೆ ಬರುತ್ತದೆ. ಕಪ್ಪು ಸೂಟಿನವರಿಗೆ ಇದರ ಉಲ್ಟಾ, ಮುಖ ಸುಣ್ಣ ಬಳಿದಂತೆ. ಫ್ಲ್ಯಾಶ್ ಕಾಂಪೆನ್ಸೇಷನ್ ಅನ್ನುವ ಪ್ಲಸ್ ಮೈನಸ್ ಗುಂಡಿ ಎಲ್ಲಿದೆ ಅಂತ ಮೊದಲೇ ತಿಳಿದುಕೊಂಡಿರಿ.

ಹೈ ಸ್ಪೀಡ್ ಸಿಂಕ್ ಬೇಕಾ ಅನ್ನೋದನ್ನೂ ಇಲ್ಲೇ ಯೋಚಿಸಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆ ಶಟರ್ 1/200 ಅಥವಾ 1/250ರ ಆಚೆ ಹೋದರೆ ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಬ್ಬನ್ ಪಾರ್ಕಿನಲ್ಲಿ ಎಫ್/2.8ಕ್ಕೆ ತೆಗೆದು ಹಿಂದಿನ ಮರಗಳನ್ನು ಮಸುಕು ಮಾಡಬೇಕು ಅಂದರೆ ಶಟರ್ 1/1000 ದಾಟುತ್ತದೆ, ಆಗ ಇದು ಬೇಕೇ ಬೇಕು. ಆದರೆ ಇದರಲ್ಲಿ ಪವರ್ ತುಂಬಾ ಸೋರಿಹೋಗುತ್ತದೆ. ಟಿಟಿ600ನಲ್ಲಿ ಕ್ಯಾಮೆರಾ ಮೇಲೆ ಇದ್ದಾಗ ಈ ಸೌಲಭ್ಯ ಇಲ್ಲ, ಗೋಡಾಕ್ಸ್ ಟ್ರಿಗರ್ ಹಾಕಿ ದೂರ ಇಟ್ಟಾಗ ಬರುತ್ತದೆ. ಮನೆ, ಚೌಲ್ಟ್ರಿ ಒಳಗಷ್ಟೇ ತೆಗೆಯುವವರು ಇದರ ತಲೆನೋವು ಬಿಟ್ಟುಬಿಡಿ.

4. ತಲೆ ತಿರುಗಲೇಬೇಕು

ಫ್ಲ್ಯಾಶನ್ನು ನೇರ ಮುಖಕ್ಕೆ ಹೊಡೆದರೆ ಏನಾಗುತ್ತದೆ ಅಂತ ಗೊತ್ತೇ ಇದೆ. ಹಣೆ ಹೊಳೆಯುತ್ತದೆ, ಕನ್ನಡಕದಲ್ಲಿ ಬಿಳಿ ಚುಕ್ಕೆ, ರೇಷ್ಮೆ ಸೀರೆಯ ಜರಿ ಬೆಳ್ಳಗೆ ಉರಿದು ಬಣ್ಣವೇ ಇಲ್ಲ, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು. ಅದೇ ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ಎತ್ತಿ ಸೂರಿಗೆ ಹೊಡೆದರೆ ಇಡೀ ಸೂರೇ ಒಂದು ದೊಡ್ಡ ದೀಪ ಆಗುತ್ತದೆ, ಬೆಳಕು ಮೆತ್ತಗೆ ಕೆಳಗಿಳಿಯುತ್ತದೆ. ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ನೋಡಿದವರು ಮತ್ತೆ ನೇರ ಹೊಡೆಯಲ್ಲ.

ಬರೀ ಮೇಲಕ್ಕೆ ಎದ್ದರೆ ಸಾಲದು, ಪಕ್ಕಕ್ಕೂ ತಿರುಗಬೇಕು. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ ಮೇಲೆ ನೋಡುತ್ತಿದ್ದ ತಲೆ ಗೋಡೆ ಕಡೆ ನೋಡಲು ಶುರುಮಾಡುತ್ತದೆ. ಆಗ ತಲೆಯನ್ನು ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬೆಳಕು ಮತ್ತೆ ಸೂರಿಗೆ ಹೋಗುತ್ತದೆ. ತೀರಾ ಅಗ್ಗದ ಕೆಲವು ಫ್ಲ್ಯಾಶುಗಳು ಮೇಲಕ್ಕೆ ಮಾತ್ರ ಏಳುತ್ತವೆ. ಅಂಗಡಿಯಲ್ಲಿ ಕೈಗೆ ಕೊಟ್ಟ ತಕ್ಷಣ ಮೊದಲು ಮಾಡಬೇಕಾದ ಕೆಲಸ ಇದು: ತಲೆಯನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿಸಿ ನೋಡಿ. ತಿರುಗಲಿಲ್ಲ ಅಂದರೆ ಸಾವಿರ ರೂಪಾಯಿಗೆ ಕೊಟ್ಟರೂ ವಾಪಸ್ ಕೊಟ್ಟುಬಿಡಿ.

ಸೂರು ಹೇಗಿದೆ ಅನ್ನೋದೂ ಮುಖ್ಯ. ಅಪಾರ್ಟ್‌ಮೆಂಟಿನ ಹತ್ತಡಿಯ ಬಿಳಿ ಸೂರು ಇದಕ್ಕೆ ಹೇಳಿ ಮಾಡಿಸಿದ್ದು. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಯ ಮರದ ತೊಲೆಗಳ ಸೂರಾದರೆ ಬೆಳಕು ಅರ್ಧ ಅಲ್ಲೇ ನುಂಗಿಹೋಗಿ ಉಳಿದದ್ದು ಕಂದು ಬಣ್ಣಕ್ಕೆ ತಿರುಗಿ ಬರುತ್ತದೆ. ಪಿಸ್ತಾ ಹಸಿರಿನ ಗೋಡೆಗೆ ಹೊಡೆದರೆ ಮುಖವೂ ಹಸಿರು. ಅಂಥ ಕಡೆ ಒಂದು ಬಿಳಿ ಕಾರ್ಡ್ ಬೇಕು. ಅವೆನ್ಯೂ ರೋಡಿನ ಯಾವ ಸ್ಟೇಷನರಿ ಅಂಗಡಿಯಲ್ಲಿ ಕೇಳಿದರೂ ಬಿಳಿ ಫೋಮ್ ಶೀಟ್ ಸಿಗುತ್ತದೆ. ಎ4 ಹಾಳೆಯಷ್ಟು ಕತ್ತರಿಸಿ, ಎರಡು ರಬ್ಬರ್ ಬ್ಯಾಂಡ್ ಹಾಕಿ ಫ್ಲ್ಯಾಶಿನ ತಲೆಯ ಹಿಂಭಾಗಕ್ಕೆ ಕಟ್ಟಿ, ತುದಿಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಸೂರಿಗೆ ಹೋಗುವ ಬೆಳಕಲ್ಲಿ ಒಂದು ಪಾಲು ಮುಂದಕ್ಕೆ ತಿರುಗಿ ಕಣ್ಣಿನ ಕೆಳಗಿನ ನೆರಳು ಹೋಗುತ್ತದೆ. ಪ್ಲಾಸ್ಟಿಕ್ ಡಬ್ಬಿಯಂಥ ಬಿಳಿ ಡಿಫ್ಯೂಸರ್ ಕೊಡುತ್ತಾರಲ್ಲ, ಅದು ಮನೆಯೊಳಗೆ ಪರವಾಗಿಲ್ಲ. ಹೊರಗೆ ಬಯಲಲ್ಲಿ ಅದನ್ನು ಹಾಕಿಕೊಂಡು ಓಡಾಡುವುದು ಬ್ಯಾಟರಿಗೆ ದಂಡ.

5. ಪವರ್ ನಂಬರಿನ ಆಟ

ಫ್ಲ್ಯಾಶಿನ ಶಕ್ತಿಯನ್ನು ಗೈಡ್ ನಂಬರ್‌ನಲ್ಲಿ ಹೇಳುತ್ತಾರೆ. ಲೆಕ್ಕ ಸುಲಭ. ಗೈಡ್ ನಂಬರನ್ನು ಅಪರ್ಚರ್‌ನಿಂದ (ಲೆನ್ಸಿನ ಎಫ್ ನಂಬರ್) ಭಾಗಿಸಿದರೆ ಐಎಸ್‌ಒ 100ರಲ್ಲಿ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆ ಅಂತ ಸಿಗುತ್ತದೆ. 60 ನಂಬರ್ ಇದ್ದು ಎಫ್/8 ಇಟ್ಟರೆ ಏಳೂವರೆ ಮೀಟರ್. ಐಎಸ್‌ಒ 400 ಮಾಡಿದರೆ ಹದಿನೈದು.

ಮೋಸ ಇರುವುದು ಆ ನಂಬರ್ ಎಲ್ಲಿ ಅಳೆದದ್ದು ಅನ್ನೋದರಲ್ಲಿ. ಗೋಡಾಕ್ಸ್ ಟಿಟಿ600ರ 60 ಅನ್ನೋದು ತಲೆಯನ್ನು 200 ಎಂಎಂಗೆ ಜೂಮ್ ಮಾಡಿ, ಬೆಳಕನ್ನು ಕಿರಿದು ಮಾಡಿ ಅಳೆದದ್ದು. ಯೊಂಗ್ನುವೊ 560ರ 58 ಅನ್ನೋದು 105 ಎಂಎಂನಲ್ಲಿ. ಹಾಗಾಗಿ 60 ದೊಡ್ಡದು, 58 ಚಿಕ್ಕದು ಅನ್ನೋಕಾಗಲ್ಲ. ಕೋಣೆಯೊಳಗೆ ನೀವು ಬಳಸುವ 35 ಎಂಎಂಗೆ ಬಂದರೆ ಎರಡೂ ತುಂಬಾ ಕೆಳಗಿಳಿಯುತ್ತವೆ. ಕೆಲವು ಕಡೆ ನಂಬರನ್ನು ಅಡಿ ಲೆಕ್ಕದಲ್ಲಿ ಬರೆದು ದೊಡ್ಡದಾಗಿ ಕಾಣಿಸುತ್ತಾರೆ, 197 ಅಡಿ ಅಂದರೆ ಅದೇ 60 ಮೀಟರು.

ಸೂರಿಗೆ ಹೊಡೆದಾಗ ಎರಡು ಮೂರು ಸ್ಟಾಪ್ ಬೆಳಕು ಹೋಗುತ್ತದೆ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ). ಅದಕ್ಕೇ ನಾಲ್ಕು ಸೆಲ್ಲಿನ ದೊಡ್ಡ ಫ್ಲ್ಯಾಶ್ ಒಳ್ಳೇದು. ಗೋಡಾಕ್ಸ್ ಟಿಟಿ350ಯಂಥ ಎರಡು ಸೆಲ್ಲಿನ ಪುಟ್ಟದು, ಗೈಡ್ ನಂಬರ್ 36, ಸಣ್ಣ ಮಿರರ್‌ಲೆಸ್ ಕ್ಯಾಮೆರಾ ಮೇಲೆ ಭಾರ ಆಗದೆ ಚೆನ್ನಾಗಿ ಕೂರುತ್ತದೆ. ಮನೆ ಫಂಕ್ಷನ್‌ಗೆ ಸಾಕು. ಚೌಲ್ಟ್ರಿಯ ಎತ್ತರದ ಸೂರಿನ ಮುಂದೆ ಅದರ ಆಟ ನಡೆಯಲ್ಲ.

6. ಬ್ಯಾಟರಿಗೆ ಜಿಪುಣತನ ಬೇಡ

ಗಡಿಯಾರಕ್ಕೆ, ಟಿವಿ ರಿಮೋಟಿಗೆ ಹಾಕುವ ಸಾದಾ ಸೆಲ್ ಫ್ಲ್ಯಾಶಿಗೆ ಆಗಲ್ಲ, ಹತ್ತಿಪ್ಪತ್ತು ಸಲ ಹೊಡೆಯುವಷ್ಟರಲ್ಲಿ ಏದುಸಿರು ಬಿಡುತ್ತದೆ. ಆಲ್ಕಲೈನ್ ಸೆಲ್ ಪರವಾಗಿಲ್ಲ, ಆದರೆ ಸುಸ್ತಾಗುತ್ತಾ ಹೋದ ಹಾಗೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಕಾಯುವುದು ಜಾಸ್ತಿಯಾಗುತ್ತದೆ. ಬೇಕಾದ್ದು ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್. ಎನೆಲೂಪ್‌ನಂಥವು ಸುಮಾರು 2000 ಎಂಎಎಚ್ ಇರುತ್ತವೆ, ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಇಟ್ಟರೂ ಚಾರ್ಜ್ ಇಳಿದುಹೋಗುವುದಿಲ್ಲ. ಎಂಟು ಸೆಲ್ ತಗೊಳ್ಳಿ, ನಾಲ್ಕು ನಾಲ್ಕರ ಎರಡು ಜೋಡಿ ಮಾಡಿ ಮಾರ್ಕರ್‌ನಲ್ಲಿ ಗುರುತು ಹಾಕಿ. ಈ ಜೋಡಿಯ ಒಂದು, ಆ ಜೋಡಿಯ ಮೂರು ಅಂತ ಬೆರೆಸಬೇಡಿ. ಸೋತ ಸೆಲ್ ಉಳಿದ ಮೂರನ್ನೂ ಎಳೆದು ಹಾಕುತ್ತದೆ. ಚಾರ್ಜರ್ ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳುವಂಥದ್ದಿರಲಿ.

ಟಿಟಿ600 ಪೂರ್ತಿ ಪವರಿನಲ್ಲಿ ಹೊಡೆದ ಮೇಲೆ ಮತ್ತೆ ತಯಾರಾಗಲು ಸುಮಾರು 2.6 ಸೆಕೆಂಡ್ ಅಂತ ಕಂಪನಿ ಹೇಳುತ್ತದೆ. ಲಿಥಿಯಂ ಬ್ಯಾಟರಿ ಇರುವ ಗೋಡಾಕ್ಸ್ ವಿ860 ಮೂರನೇ ಆವೃತ್ತಿಗೆ 1.5 ಸೆಕೆಂಡ್, ಒಂದು ಚಾರ್ಜಿಗೆ 480 ಪೂರ್ತಿ ಹೊಡೆತ. ಮದುವೆಯೇ ಹೊಟ್ಟೆಪಾಡು ಆದವರಿಗೆ ಅದು ಬೆಲೆಬಾಳುತ್ತದೆ. ನಮಗೆ ಬೇಡ.

7. ರೇಡಿಯೋ ಒಳಗೇ ಇರಲಿ

ಈಗ ಬೇಡ ಅನ್ನಿಸಿದರೂ ಆರು ತಿಂಗಳಲ್ಲಿ ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ ಪಕ್ಕದಲ್ಲಿ ಇಡಬೇಕು ಅನ್ನಿಸುತ್ತದೆ. ಆಗ 2.4 ಗಿಗಾಹರ್ಟ್ಸ್ ರೇಡಿಯೋ ಒಳಗೇ ಇರುವ ಫ್ಲ್ಯಾಶ್ ಇದ್ದರೆ ಒಂದು ಟ್ರಿಗರ್ ಕೊಂಡರೆ ಸಾಕು. ಟಿಟಿ600ನಲ್ಲೂ ಯೊಂಗ್ನುವೊ 560ರ 3 ಮತ್ತು 4ನೇ ಆವೃತ್ತಿಗಳಲ್ಲೂ ಇದೆ. ಆದರೆ ಗೋಡಾಕ್ಸ್ ರೇಡಿಯೋಗೂ ಯೊಂಗ್ನುವೊ ರೇಡಿಯೋಗೂ ಮಾತಿಲ್ಲ. ಒಂದು ಮನೆ ಆರಿಸಿಕೊಂಡು ಅಲ್ಲೇ ಇರಿ. ನಾನಾದರೆ ಗೋಡಾಕ್ಸ್ ಅನ್ನುತ್ತೇನೆ. ನಾಳೆ ಕ್ಯಾನನ್ ಮಾರಿ ಸೋನಿಗೆ ಹೋದರೂ ಟ್ರಿಗರ್ ಒಂದನ್ನು ಬದಲಾಯಿಸಿದರೆ ಹಳೇ ಫ್ಲ್ಯಾಶ್ ದೂರದಿಂದ ಕೆಲಸ ಮಾಡುತ್ತಲೇ ಇರುತ್ತದೆ. ಡಿಜಿಟೆಕ್, ಸಿಂಪೆಕ್ಸ್ ಹೆಸರಿನವು ಇನ್ನೂ ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ ಕೊಳ್ಳುವ ಮುಂಚೆ ರೇಡಿಯೋ ಇದೆಯಾ, ಬರೀ ಸ್ಲೇವ್ ಕಣ್ಣಾ ಅಂತ ಕೇಳಿ.

8. ಅಂಗಡಿಯಲ್ಲಿ

ಕೈ ಬೀಸಿಕೊಂಡು ಹೋಗಬೇಡಿ. ನಿಮ್ಮ ಕ್ಯಾಮೆರಾ, ಲೆನ್ಸ್, ಚಾರ್ಜ್ ಮಾಡಿದ ನಾಲ್ಕು ಸೆಲ್ ಬ್ಯಾಗಿನಲ್ಲಿರಲಿ. "ಎಲ್ಲಾ ಕ್ಯಾಮೆರಾಗೂ ಆಗುತ್ತೆ ಸಾರ್" ಅಂತ ಹೇಳೇ ಹೇಳುತ್ತಾರೆ. "ಹಾಗಾದ್ರೆ ಇದರ ಮೇಲೆ ಹಾಕಿ ಒಂದು ಹೊಡೆದು ತೋರಿಸಿಬಿಡಿ ಅಣ್ಣಾ" ಅಂತ ನಿಮ್ಮ ಕ್ಯಾಮೆರಾ ಮುಂದಿಡಿ. ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ. "ಬಿಲ್ ಬೇಡ ಅಂದ್ರೆ ಇಷ್ಟು ಕಡಿಮೆ" ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ, ವಾರಂಟಿ ಆ ಚೀಟಿಯಲ್ಲೇ ಇರುವುದು. ವಾರಂಟಿ ಕೊಡುವುದು ಅಂಗಡಿಯವರಾ, ಕಂಪನಿಯವರಾ ಅಂತಲೂ ಕೇಳಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಸ್ವಲ್ಪ ನಿಧಾನ ಮಾಡಿ. ಸೆಲ್ ಹಾಕುವ ಜಾಗದ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಹಾಕಿ, ಹಸಿರು ಅಥವಾ ಬಿಳಿ ಪುಡಿ ಅಂಟಿದ್ದರೆ ಸೆಲ್ ಸೋರಿದೆ ಅಂತ ಅರ್ಥ. ಮುಂದಿನ ಪ್ಲಾಸ್ಟಿಕ್ ಗಾಜು ಹಳದಿಯಾಗಿ ಸುಟ್ಟಂತಿದ್ದರೆ ಮದುವೆ ಮನೆಗಳಲ್ಲಿ ಚೆನ್ನಾಗಿ ದುಡಿದಿದೆ. ಕಾಲಿನ ಲಾಕ್ ಬಿಗಿಯಾಗುತ್ತದಾ, ತಲೆ ಎತ್ತಿದ ಕಡೆ ನಿಲ್ಲುತ್ತದಾ, ಜೂಮ್ ಒತ್ತಿದರೆ ಒಳಗೆ ಗರ್ ಅಂತ ಸದ್ದಾಗಿ ಸರಿಯುತ್ತದಾ ನೋಡಿ. ಆಮೇಲೆ ಪೂರ್ತಿ ಪವರಿನಲ್ಲಿ ಹತ್ತು ಸಲ ಹೊಡೆಯಿರಿ. ಪ್ರತಿಸಲವೂ ಅಷ್ಟೇ ಹೊತ್ತಿಗೆ ರೆಡಿಯಾದರೆ ಸರಿ. ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿದ್ದ ಫ್ಲ್ಯಾಶ್ ಮೊದಲ ನಾಲ್ಕೈದು ಸಲ ನಿಧಾನ ಮಾಡುವುದುಂಟು, ಅದಕ್ಕೆ ಹೆದರಬೇಡಿ. ಹತ್ತಕ್ಕಿಂತ ಜಾಸ್ತಿ ಒಂದೇ ಸಮನೆ ಹೊಡೆಯುವುದೂ ಬೇಡ, ಬಿಸಿಯಾಗುತ್ತದೆ.

ಎರಡು ಮಾಡೆಲ್ ನಡುವೆ ಮನಸ್ಸು ಓಲಾಡುತ್ತಿದ್ದರೆ ಬಾಡಿಗೆಗೆ ತಂದು ಒಂದು ಫಂಕ್ಷನ್ ತೆಗೆದು ನೋಡಿ. ಈ ಊರಲ್ಲಿ ಕ್ಯಾಮೆರಾ ಸಾಮಾನು ಬಾಡಿಗೆಗೆ ಕೊಡುವವರಿಗೆ ಬರವಿಲ್ಲ.

9. ಮನೆಗೆ ತಂದ ಮೊದಲ ಸಂಜೆ

ಕ್ಯಾಮೆರಾ ಮ್ಯಾನ್ಯುಯಲ್ ಮೋಡಿಗೆ ಹಾಕಿ. ಶಟರ್ 1/125, ಅಪರ್ಚರ್ ಎಫ್/4, ಐಎಸ್‌ಒ 400. ಫ್ಲ್ಯಾಶ್ ಆಫ್ ಇಟ್ಟು ಒಂದು ಫೋಟೋ ತೆಗೆಯಿರಿ. ಕತ್ತಲೆ ಕತ್ತಲೆಯಾಗಿ ಬಂದರೆ ಒಳ್ಳೇದೇ, ಟ್ಯೂಬ್‌ಲೈಟಿನ ಬಣ್ಣ ಫೋಟೋದೊಳಗೆ ಬರುತ್ತಿಲ್ಲ ಅಂತಾಯಿತು. ಈಗ ತಲೆ ಸೂರಿಗೆ ತಿರುಗಿಸಿ, ಪವರ್ 1/8 ಇಟ್ಟು ಮನೆಯವರನ್ನು ಸೋಫಾ ಮೇಲೆ ಕೂರಿಸಿ ಹೊಡೆಯಿರಿ. ಕಮ್ಮಿ ಅನ್ನಿಸಿದರೆ 1/4, ಜಾಸ್ತಿಯಾದರೆ 1/16. ಒಮ್ಮೆ ಸರಿಹೋದರೆ ಆ ಕೋಣೆಯೊಳಗೆ ನೀವು ಒಂದೆರಡು ಹೆಜ್ಜೆ ಅತ್ತಿತ್ತ ಹೋದರೂ ಜಾಸ್ತಿ ಬದಲಾಗುವುದಿಲ್ಲ, ಬೆಳಕು ಬರುತ್ತಿರುವುದು ಸೂರಿನಿಂದ ಅಲ್ವಾ. ಮ್ಯಾನ್ಯುಯಲ್ ಕಷ್ಟ ಅನ್ನುವವರು ಇದೊಂದು ಸಂಜೆ ಮಾಡಿ ನೋಡಲಿ.

ಚೌಲ್ಟ್ರಿಗೆ ಹೋದರೆ ಐಎಸ್‌ಒ 800 ಅಥವಾ 1600ಕ್ಕೆ ಏರಿಸಿ, ಶಟರನ್ನು 1/80ರ ಹತ್ತಿರ ಇಳಿಸಿ, ಸ್ಟೇಜಿನ ಹಿಂದಿನ ಹೂವಿನ ಅಲಂಕಾರ, ಸೀರಿಯಲ್ ದೀಪ ಎಲ್ಲಾ ಕಾಣುತ್ತವೆ, ಇಲ್ಲದಿದ್ದರೆ ವಧೂವರರ ಹಿಂದೆ ಬರೀ ಕಪ್ಪು. ಅಲ್ಲಿನ ದೀಪ ಹಳದಿಯಾಗಿದ್ದರೆ ಫ್ಲ್ಯಾಶಿನ ಮುಂದೆ ತಿಳಿ ಕಿತ್ತಳೆ ಬಣ್ಣದ ಜೆಲ್ (ಬೆಳಕು ಹಾಯುವ ಬಣ್ಣದ ತೆಳು ಹಾಳೆ) ಅಂಟಿಸಿ, ಮುಖ ಒಂದು ಬಣ್ಣ ಹಿನ್ನೆಲೆ ಒಂದು ಬಣ್ಣ ಆಗುವುದು ತಪ್ಪುತ್ತದೆ. ಹೋಮ ನಡೆಯುವಾಗ ನೇರ ಹೊಡೆದರೆ ಹೊಗೆ ಬಿಳಿ ಗೋಡೆಯಂತೆ ಅಡ್ಡ ನಿಲ್ಲುತ್ತದೆ, ಆಗ ತಲೆಯನ್ನು ನಿಮ್ಮ ಹಿಂದಿನ ಗೋಡೆಗೋ ಪಕ್ಕಕ್ಕೋ ತಿರುಗಿಸಿ ಅಥವಾ ಫ್ಲ್ಯಾಶ್ ಆಫ್ ಮಾಡಿ ಬೆಂಕಿಯ ಬೆಳಕಲ್ಲೇ ತೆಗೆಯಿರಿ. ಮನೆಗೆ ಬಂದ ಮೇಲೆ ಸೆಲ್ ಹೊರಗೆ ತೆಗೆದಿಡಿ.